ಕರ ಕುಡೀತು

ನಾಯಕ ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮೂಗಿಗೆ ಈಗಲೂ ಕಾಯಿಚಟ್ನಿಯ ವಾಸನೆ ಬಡಿಯುತ್ತದೆ. ನಗಬೇಡಿ, ಹೇಳುತ್ತೇನೆ. ಬರೆದರೆ ಆ ವಾಸನೆ ಬಿಟ್ಟುಹೋದೀತು ಎಂದು ಕೂತಿದ್ದೇನೆ, ಹೋಗುತ್ತದೆಂಬ ನಂಬಿಕೆಯೇನೂ ಇಲ್ಲ.

ನಮ್ಮೂರು ಬಿಡದಿಯಿಂದ ಮಾಗಡಿ ಕಡೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕಿದೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು ಇದು. ಬಿಡದಿಯ ಕೈಗಾರಿಕಾ ಪ್ರದೇಶ ವರ್ಷ ವರ್ಷವೂ ನಮ್ಮ ಕಡೆಗೆ ಸರಿದು ಬರುತ್ತಿತ್ತು. ನಾನಾಗ ರಾಮನಗರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಈ ವರ್ಷ ಕಿಟಕಿಯಲ್ಲಿ ರಾಗಿ ಹೊಲ ಕಂಡ ಕಡೆ ಮುಂದಿನ ಸುಗ್ಗಿಗೆ ಕಾಂಪೌಂಡು ಗೋಡೆ ಕಾಣುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ದೊಡ್ಡವ್ವ, ಅಮ್ಮನ ಅಕ್ಕ. ಅವಳಿಗೆ ಗಂಡ ಇರಲಿಲ್ಲ, ಹೊಲ ಇರಲಿಲ್ಲ. ಇದ್ದದ್ದು ಒಂದು ಹಸು, ಅದರ ಕರು, ನಾನು, ಮತ್ತೆ ಅವಳ ಬಾಯಿ. ಆ ಬಾಯಿಗೆ ಊರಿನ ಗಂಡಸರೆಲ್ಲ ಹೆದರುತ್ತಿದ್ದರು.

ಊರ ಮೇಲುಗಡೆ ಗೋಮಾಳವಿತ್ತು. ದನ ಮೇಯಲಿ ಎಂದು ಊರಿಗೆಲ್ಲ ಸೇರಿದ ಹುಲ್ಲುಗಾವಲು. ಹೊಲವಿಲ್ಲದ ಹೆಂಗಸರೆಲ್ಲ ಅದನ್ನೇ ನಂಬಿಕೊಂಡು ಹಸು ಕಟ್ಟಿದ್ದರು. ಬೆಳಿಗ್ಗೆ ಸಂಜೆ ಹಾಲು ಕರೆದು ಊರ ಡೇರಿಗೆ ಹಾಕುತ್ತಿದ್ದರು. ಗೋಮಾಳ ಹೋದರೆ ಹಸು ಹೋಯಿತು. ಹಸು ಹೋದರೆ ದೊಡ್ಡವ್ವ ಯಾವುದಾದರೂ ಫ್ಯಾಕ್ಟರಿ ಗೇಟಿನೊಳಗೆ ಪೊರಕೆ ಹಿಡಿದು ನಿಲ್ಲಬೇಕು. ವಿಷಯ ಇಷ್ಟೇ. ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಭಾಷಣವೂ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಗೋಮಾಳಕ್ಕೆ ಕಲ್ಲುಕಂಬ ಬಂದವು. ಯಾರೋ ಕಂಟ್ರಾಕ್ಟರು ಅಲ್ಲಿ ಗೋಡೌನು ಕಟ್ಟುತ್ತಾನಂತೆ, ಅದಕ್ಕೆ ಬೇಲಿಯಂತೆ. ಕಂಬ ಹೊತ್ತು ತಂದದ್ದು ನಮ್ಮ ಅಧ್ಯಕ್ಷರ ಟ್ರ್ಯಾಕ್ಟರು. ಆ ಟ್ರ್ಯಾಕ್ಟರಿನ ಹಾರನ್ನು ಇಡೀ ಊರಿಗೆ ಗೊತ್ತು, ಮದುವೆ ಮನೆಯ ವಾಲಗದ ಹಾಗೆ ಕೂಗುತ್ತಿತ್ತು. ಅಧ್ಯಕ್ಷರು ಎಂದರೆ ಹಾಲಿನ ಡೇರಿಯ ಅಧ್ಯಕ್ಷರು, ಪಂಚಾಯಿತಿಯ ಮೆಂಬರು, ದೇವಸ್ಥಾನದ ಕಮಿಟಿಗೂ ಅವರೇ, ಸ್ಕೂಲಿನ ಕಮಿಟಿಗೂ ಅವರೇ. ಬಿಳಿ ಪಂಚೆ, ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು. ಆ ಪೆನ್ನಿನಲ್ಲಿ ಬರೆದದ್ದನ್ನು ನಾನಂತೂ ನೋಡಿಲ್ಲ.

ಬೆಳಿಗ್ಗೆ ಟ್ರ್ಯಾಕ್ಟರು ಕಂಬ ಇಳಿಸಿತು. ಮಧ್ಯಾಹ್ನ ಅದೇ ಟ್ರ್ಯಾಕ್ಟರಿನ ಯಜಮಾನ ಅರಳಿಕಟ್ಟೆಯ ಮುಂದೆ ಶಾಮಿಯಾನ ಹಾಕಿಸಿ, ಗೋಮಾಳ ಉಳಿಸಲು ಉಪವಾಸ ಸತ್ಯಾಗ್ರಹ ಎಂದು ಮೈಕು ಹಿಡಿದರು. "ಬಂಧುಗಳೇ, ಅಹಿಂಸೆಯೇ ನಮ್ಮ ಅಸ್ತ್ರ! ಪ್ರಾಣ ಹೋದರೂ ಒಂದಗುಳು ಮುಟ್ಟಲ್ಲ!" ಜನ ಚಪ್ಪಾಳೆ ತಟ್ಟಿದರು. ಕಂಬ ಇಳಿಸಿದ ಡ್ರೈವರೂ ಚಪ್ಪಾಳೆ ತಟ್ಟಿದ. ನಾನು ದೊಡ್ಡವ್ವನ ಮುಖ ನೋಡಿದೆ. ಅವಳು ಎಲೆಅಡಿಕೆ ಉಗಿದು, "ನೋಡವ್ವ, ಚೆಂದಾಗೈತೆ" ಎಂದು ಹಸು ಹೊಡೆದುಕೊಂಡು ಹೋದಳು.

ಶಾಮಿಯಾನದ ಹಿಂದೆ ಒಂದು ಬಟ್ಟೆಯ ಪರದೆ ಕಟ್ಟಿದ್ದರು. ಅಧ್ಯಕ್ಷರ ವಿಶ್ರಾಂತಿಗೆ. ಮಾರನೆಯ ದಿನ ಮಧ್ಯಾಹ್ನಕ್ಕೆ ಅವರ ವಿಶ್ರಾಂತಿ ಬಹಳವಾಗಿತ್ತು, ಗಳಿಗೆಗೊಮ್ಮೆ ಎದ್ದು ಹೋಗುತ್ತಿದ್ದರು. ಸ್ಕೂಲಿನ ಮೇಷ್ಟ್ರೊಬ್ಬರು ಮೈಕಿನಲ್ಲಿ ತ್ಯಾಗದ ಬಗ್ಗೆ ಮಾತಾಡುತ್ತಿದ್ದಾಗ ದೊಡ್ಡವ್ವ ಗೋಮಾಳದಿಂದ ಹಸು ಹೊಡೆದುಕೊಂಡು ಆ ದಾರಿಯಲ್ಲೇ ಬಂದಳು. ಹಸು ಮೂಗರಳಿಸಿತು. ಸೀದಾ ಪರದೆಯೊಳಕ್ಕೆ ತಲೆ ಹಾಕಿತು. ಒಳಗೆ "ಹೇಯ್, ಹಚಾ ಹಚಾ" ಎಂದು ಕೂಗು. ಹಸು ತಲೆ ಎಳೆದುಕೊಂಡಾಗ ಅದರ ಬಾಯಲ್ಲಿ ಮುತ್ತುಗದ ಎಲೆ, ಎಲೆಗಂಟಿದ ತಟ್ಟೆ ಇಡ್ಲಿಯ ಅರ್ಧ, ಮೂತಿಯಿಂದ ಇಳಿಯುತ್ತಿದ್ದ ಬಿಳಿ ಚಟ್ನಿ. ಬಿಡದಿಯ ಹೋಟೆಲಿನದು, ಬೆಣ್ಣೆ ಹಾಕಿದ್ದು. ಹಿಂದೆಯೇ ಅಧ್ಯಕ್ಷರು ಮೀಸೆ ಒರೆಸಿಕೊಳ್ಳುತ್ತ ಬಂದರು. ಶರ್ಟಿನ ಮೇಲೂ ಒಂದು ತೊಟ್ಟು ಬಿದ್ದಿತ್ತು.

ಯಾರೂ ನಗಲಿಲ್ಲ. ಅದನ್ನೇ ನನಗೆ ಇವತ್ತಿಗೂ ಅರಗಿಸಿಕೊಳ್ಳಲಾಗಿಲ್ಲ. ಅವನು ತಿಂದದ್ದಕ್ಕಲ್ಲ, ಹೊಟ್ಟೆ ಯಾರಪ್ಪನದು, ತಿಂದ. ಊರಿಗೆ ಊರೇ ಕಣ್ಣು ತೆರೆದು ನೋಡಿ, ಆಮೇಲೆ ಕಣ್ಣನ್ನು ನೆಲಕ್ಕಿಳಿಸಿತಲ್ಲ, ಅದಕ್ಕೆ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮೇಷ್ಟ್ರು ಒಂದು ಸಲ ಕೆಮ್ಮಿ, ತ್ಯಾಗವನ್ನು ಬಿಟ್ಟ ಕಡೆಯಿಂದ ಮುಂದುವರಿಸಿದರು. ಸಂಜೆ ಪಟ್ಟಣದಿಂದ ಇನ್ನೂ ದೊಡ್ಡ ನಾಯಕರು ಬಂದು ನಿಂಬೆಹಣ್ಣಿನ ಪಾನಕ ಕುಡಿಸಿ ಉಪವಾಸ ಬಿಡಿಸಿದರು. ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ಜನ ಜೈ ಎಂದರು. ಥೂ. ಗೋಮಾಳದಲ್ಲಿ ಕಂಬ ನೆಡುವುದು ಅವತ್ತೂ ನಿಂತಿರಲಿಲ್ಲ.

ಮುಂದೆ ಊರಿನ ಪಡ್ಡೆ ಹುಡುಗರ ಸರದಿ. ಅವರ ಬಗ್ಗೆಯೂ ನನಗೆ ಒಳ್ಳೆಯ ಮಾತಿಲ್ಲ. ಸಭೆಯಲ್ಲಿ ತುಟಿ ಬಿಚ್ಚದವರು ಗೋಮಾಳದ ದಾರಿಯಲ್ಲಿ ಅವಿತುಕೊಂಡು ಕಂಟ್ರಾಕ್ಟರನ ಜೀಪಿಗೆ ಕಲ್ಲು ತೂರಿದರು. ಕಂಟ್ರಾಕ್ಟರು ಅದರಲ್ಲಿರಲಿಲ್ಲ. ಕೋಡಿಹಳ್ಳಿ ಕಡೆಯ ಬಡ ಡ್ರೈವರೊಬ್ಬನ ಹಣೆ ಒಡೆಯಿತು. ಕಲ್ಲು ಹೊಡೆದ ಹುಲಿಗಳೆಲ್ಲ ಹಿಪ್ಪುನೇರಳೆ ತೋಟದೊಳಗೆ ನುಗ್ಗಿ ಮಾಯವಾದವು. ಅವನನ್ನು ಜಗುಲಿಗೆ ಕರೆತಂದು ರಕ್ತ ತೊಳೆದವಳು ದೊಡ್ಡವ್ವ. ಸಂಜೆಗೆ ಹುಡುಗರು ಮೆಲ್ಲಗೆ ಹೊರಗೆ ಬಂದಾಗ ಅವಳು ಬೀದಿಯಲ್ಲಿ ನಿಲ್ಲಿಸಿಕೊಂಡು ಜಾಡಿಸಿದಳು.

"ಕಲ್ಲು ನೆಡುಸ್ದೋನು ತಿಂದು ತೇಗ್ಕೊಂಡು ಮಲ್ಗವ್ನೆ. ನೀವು ಓಗಿ ಜೀಪ್ ಓಡ್ಸೋನ ತಲೆ ಒಡುದ್ರೇನ್ಲಾ? ನಾಚ್ಕೆ ಆಗಕ್ಕಿಲ್ವಾ ನಿಮ್ಮ ಮೊಕಕ್ಕೆ?"

ಕಲ್ಲಿನ ಫಲವಾಗಿ ಗೋಮಾಳಕ್ಕೆ ಪೊಲೀಸರು ಬಂದು ಕೂತರು. ಕಂಬ ನೆಡುವ ಕೆಲಸ ಈಗ ಇನ್ನೂ ಸಲೀಸಾಯಿತು. ಊರಿನವರು, ಇನ್ನೇನು, ಮುಗೀತು ಎಂದು ಕೈ ತೊಳೆದುಕೊಂಡರು.

ಮಾರನೆಯ ಬೆಳಿಗ್ಗೆ ದೊಡ್ಡವ್ವ ಡೇರಿಗೆ ಹೊರಟಾಗ ಅವಳ ಕ್ಯಾನು ಟಣಟಣ ಎನ್ನುತ್ತಿತ್ತು. ಖಾಲಿ. ನಾನು ಬಸ್ಸಿಗೆಂದು ಅವಳ ಜೊತೆಯೇ ನಡೆದೆ. ಅವಳು ಎಂದಿನ ಹಾಗೆ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಹಾಲು ಅಳೆಯುವ ಸೆಕ್ರೆಟರಿ ಕ್ಯಾನಿನೊಳಗೆ ಇಣುಕಿ, "ಇದ್ಯಾಕಕ್ಕ, ಹಾಲೆಲ್ಲಿ?" ಎಂದ.

"ಕರ ಕುಡೀತು."

"ಎಲ್ಲಾನೂ?"

"ಎಲ್ಲಾನೂ."

ಅಷ್ಟೇ. ಕ್ಯಾನು ಎತ್ತಿಕೊಂಡು ಬಂದುಬಿಟ್ಟಳು. ನಮ್ಮ ಕಡೆ ಹಾಲು ಕರೆಯುವಾಗ ಕರುವಿಗೆಂದು ಒಂದು ಮೊಲೆ ಬಿಡುವ ಪದ್ಧತಿ. ಡೇರಿ ಬಂದ ಮೇಲೆ ಆ ಒಂದು ಮೊಲೆಗೂ ಕೈ ಹಾಕುವವರಾಗಿದ್ದರು. ದೊಡ್ಡವ್ವ ನಾಲ್ಕನ್ನೂ ಬಿಟ್ಟಿದ್ದಳು. ಆ ಸಂಜೆ ಅವಳು ಮನೆ ಮನೆಗೆ ಹೋದಳು, ಮೈಕಿಲ್ಲ, ಶಾಮಿಯಾನ ಇಲ್ಲ. ಒಲೆ ಮುಂದೆ ಕೂತು ಒಬ್ಬೊಬ್ಬಳಿಗೂ ಹೇಳಿದ್ದು ಒಂದೇ: "ಡೇರಿ ಅಧ್ಯಕ್ಷನ ಬಲ ಎಲ್ಲೈತೆ ಯೋಳು? ನಮ್ ಹಾಲಲ್ಲೈತೆ. ಅವನ್ನ ಬೈಬ್ಯಾಡ, ಹೊಡಿಬ್ಯಾಡ. ಕರ ಬುಟ್ಬುಡು. ಕಲ್ಲು ಎದ್ದ ದಿನ ಹಾಲು ಹಾಕವ." ಮುಂದಿನ ಬೆಳಿಗ್ಗೆ ಖಾಲಿ ಕ್ಯಾನುಗಳು ಇನ್ನೊಂದಿಷ್ಟು ಬಂದವು. ವಾರ ಕಳೆಯುವುದರೊಳಗೆ ಹೆಂಗಸರೆಲ್ಲ ಎಂದಿನ ಹೊತ್ತಿಗೆ ಸರಿಯಾಗಿ ಬಂದು ಸಾಲು ನಿಲ್ಲುವುದು, ಸೆಕ್ರೆಟರಿ ಕೇಳುವುದು, "ಕರ ಕುಡೀತು" ಎನ್ನುವುದು, ಮನೆಗೆ ಹೋಗುವುದು. ಹಾಲಿನ ವ್ಯಾನು ಬಂದು ಹಾರನ್ನು ಹೊಡೆದು ಹಾಗೇ ಹೋಗುತ್ತಿತ್ತು.

ಕೆಲವರು ಹಾಲು ಕರೆದು ಬಚ್ಚಿಟ್ಟುಕೊಂಡು ಹಾಗೆನ್ನಲು ನೋಡಿದರು. ದೊಡ್ಡವ್ವ ಬಿಡಲಿಲ್ಲ. "ಸುಳ್ಳು ಯೋಳದಾದ್ರೆ ಅವ್ನಿಗೂ ನಮ್ಗೂ ಏನಮ್ಮಿ ವ್ಯತ್ಯಾಸ? ಕರ ಕುಡೀತು ಅಂದ್ರೆ ಕರ ಕುಡ್ದಿರ್ಬೇಕು." ಹುಡುಗರಿಗೆ ಇನ್ನೊಂದು ಐಡಿಯಾ ಬಂತು. ಹಾಲನ್ನು ಮೈನ್ ರೋಡಿಗೆ ಸುರಿಯೋಣ, ಟೀವಿಯವರು ಬರುತ್ತಾರೆ ಎಂದರು. ಅವತ್ತು ಅವಳಿಗೆ ಬಂದ ಸಿಟ್ಟನ್ನು ನಾನು ಮತ್ತೆ ನೋಡಲಿಲ್ಲ. "ಹಾಲ ರೋಡಿಗೆ ಸುರುದ್ರೆ ನಿನ್ನ ಕೈ ಸೇದೋಗ! ಅದು ಕರೀನ ಬಾಯಿಂದ ಕಿತ್ತಿದ್ದು ಕಣ್ಲಾ. ಅದುಕ್ಕೇ ವಾಪಸ್ ಕೊಡ್ತಾ ಇವ್ನಿ."

ಆದರೆ ಒಂದು ತಪ್ಪು ಆಯಿತು. ಹಾಲು ಮಾರುವವರೇ ಮಾಡುವಂಥ ತಪ್ಪು. ಒಂದು ಮೊಲೆಯೂ ಪೂರ್ತಿ ಸಿಗದೆ ಬೆಳೆದ ಕರುಗಳಿಗೆ ಒಮ್ಮೆಲೇ ನಾಲ್ಕೂ ಮೊಲೆ ಸಿಕ್ಕಿತು. ಹೊಟ್ಟೆ ಬಿರಿಯುವಷ್ಟು ಕುಡಿದವು. ಕುಡಿಸಿ ಅಭ್ಯಾಸವೇ ತಪ್ಪಿಹೋಗಿದ್ದ ಹೆಂಗಸರಿಗೆ ಎಷ್ಟು ಸಾಕು ಎನ್ನುವುದು ಮರೆತಿತ್ತು. ಊರ ತುಂಬ ಕರುಗಳಿಗೆ ಭೇದಿ ಹಿಡಿಯಿತು. ಹಟ್ಟಿ, ಬೀದಿ, ಜಗುಲಿ, ಎಲ್ಲೆಲ್ಲೂ ಹಳದಿ ಬಿಳಿ ನೀರು, ಹುಳಿನಾತ, ನೊಣ. ಮೂಗು ಬಿಟ್ಟು ನಡೆಯುವ ಹಾಗಿರಲಿಲ್ಲ. ಅಧ್ಯಕ್ಷರ ಕಡೆಯ ಬಿಳಿ ಶರ್ಟಿನವರು ಬಾಯಿಗೆ ಕರವಸ್ತ್ರ ಹಿಡಿದು, "ನೋಡಿದ್ರಾ ಹೆಂಗಸರ ಮಾತು ಕೇಳಿ ಏನಾಯ್ತು?" ಎಂದು ತಿರುಗಿದರು. ಹೆಚ್ಚಿನ ಕರುಗಳು ಬದುಕಿಕೊಂಡವು. ಒಂದು ಸತ್ತಿತು. ಅದು ದೊಡ್ಡವ್ವನದು.

ಅವಳು ಹಟ್ಟಿಯಲ್ಲಿ ಕರುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಉಪ್ಪೂ ಖಾರ ತಿನ್ನೋಳು ನಾನು, ಒಸಿ ಒಸಿ ಬುಡ್ಬೇಕು ಅಂತ ಗೊತ್ತಾಗ್ಬ್ಯಾಡ್ವಾ? ನಾನೇ ಕೊಂದೆ ಕಣ್ ಮಗ" ಎಂದಳು. ಆ ಬಾಯಿಯಿಂದ ಅಂಥ ಸಣ್ಣ ದನಿ ನಾನು ಕೇಳಿರಲಿಲ್ಲ. ನನಗೂ ಅಳು ಬಂತು. ಸಾಕು ದೊಡ್ಡವ್ವ, ನಾಳೆಯಿಂದ ಹಾಲು ಹಾಕಿಬಿಡು ಎಂದೆ. ಅವಳು ಸೆರಗಿನಿಂದ ಕರುವಿನ ಮೂತಿಯ ಮೇಲಿನ ನೊಣ ಓಡಿಸಿದಳು.

ಮಧ್ಯಾಹ್ನ ಅಧ್ಯಕ್ಷರ ಆಳೊಬ್ಬ ಬಂದ. ಪಾಪ, ಮರುಕದ ಮುಖ ಹಾಕಿಕೊಂಡೇ ಬಂದ. "ಅಕ್ಕ, ಅಧ್ಯಕ್ಷರು ಬೋ ನೊಂದ್ಕೊಂಡ್ರು. ಕರೀನ ತೊಗ್ಲು ಸುಲ್ದು ಹುಲ್ಲು ತುಂಬುಸ್ಕೊಡ್ತೀವಿ. ಮುಂದೆ ನಿಲ್ಸು, ಹಸ ಹಾಲು ಬುಡ್ತದೆ. ನಾಳಿಂದ ಡೇರಿಗೆ ಹಾಕಕ್ಕೆ ಶುರು ಮಾಡ್ಬೋದು."

ಈ ಪದ್ಧತಿ ನೋಡದವರಿಗೆ ಹೇಳಬೇಕು. ಕರು ಸತ್ತರೆ ಕೆಲವು ಹಸುಗಳು ಹಾಲು ಇಳಿಸುವುದಿಲ್ಲ. ಆಗ ಅದರದೇ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ, ಕಡ್ಡಿಯ ಕಾಲು ಕೊಟ್ಟು ಮುಂದೆ ನಿಲ್ಲಿಸುತ್ತಾರೆ. ಹಸು ಅದನ್ನು ನೆಕ್ಕುತ್ತ ನೆಕ್ಕುತ್ತ ಹಾಲು ಬಿಡುತ್ತದೆ. ಚಿಕ್ಕಂದಿನಲ್ಲಿ ಒಂದು ಮನೆಯಲ್ಲಿ ನೋಡಿದ್ದೆ. ಕಣ್ಣಿನ ಜಾಗದಲ್ಲಿ ತೂತು, ಹೊಲಿಗೆ ಬಿಚ್ಚಿ ಹೊರಗೆ ಚಾಚಿದ ಹುಲ್ಲು, ಗವ್ವೆನ್ನುವ ನಾತ. ಹಸು ಮಾತ್ರ ಕಣ್ಣು ಮುಚ್ಚಿ ನೆಕ್ಕುತ್ತಿತ್ತು. ಅವತ್ತು ನನಗೆ ವಾಂತಿಯಾಗಿತ್ತು. ಆ ಆಳು ಮಾತಾಡುತ್ತಿದ್ದಾಗ ಶಾಮಿಯಾನ ಕಣ್ಣ ಮುಂದೆ ಬಂತು. ಬಿಳಿ ಶರ್ಟಿನ ತುಂಬ ಹುಲ್ಲು. ನಾವು ನೆಕ್ಕುತ್ತಿದ್ದೆವು, ಹಾಲು ಬಿಡುತ್ತಿದ್ದೆವು.

ದೊಡ್ಡವ್ವ ಎದ್ದು ನಿಂತಳು. "ನಿಮ್ ಅಧ್ಯಕ್ಷಂಗೆ ಯೋಳು, ಇಷ್ಟ್ ದಿನ ಹುಲ್ ತುಂಬಿದ್ದನ್ನ ನೆಕ್ಕಿದ್ದು ಸಾಕು ಅಂತ. ನಡಿ ಆಚೆಗೆ." ಕರುವನ್ನು ಗೋಮಾಳದ ಅಂಚಿನಲ್ಲಿ ನಾವೇ ಹೂತೆವು. ಕಾವಲಿಗಿದ್ದ ಪೊಲೀಸರಲ್ಲಿ ವಯಸ್ಸಾದ ಪೇದೆಯೊಬ್ಬ ಟೋಪಿ ತೆಗೆದು ಕೆಳಗಿಟ್ಟು ಬಂದು ಗುದ್ದಲಿ ಈಸಿಕೊಂಡ. ಬಿಸಿಲಲ್ಲಿ ಕೂತಿರುತ್ತಾರೆಂದು ದೊಡ್ಡವ್ವ ದಿನಾ ಅವರಿಗೆ ಬೆಲ್ಲದ ನೀರು ಕೊಡುತ್ತಿದ್ದಳು. ನಮ್ಮನ್ನು ಹೊಡೆಯಲು ಬಂದವರಿಗೆ ಬೆಲ್ಲದ ನೀರು ಯಾಕೆ ಎಂದು ನಾನು ಎಷ್ಟು ಸಲ ಜಗಳ ಆಡಿದ್ದೆನೋ.

ಮಾರನೆಯ ಬೆಳಿಗ್ಗೆ ಡೇರಿಯ ಮುಂದೆ ಎಲ್ಲರ ಕಣ್ಣೂ ಅವಳ ಮನೆಯ ದಾರಿಯ ಮೇಲಿತ್ತು. ಅವಳು ಹಾಲು ತಂದರೆ ಎಲ್ಲರೂ ತರುತ್ತಿದ್ದರು. ಅಧ್ಯಕ್ಷರೂ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ದೊಡ್ಡವ್ವ ಬಂದಳು. ಕ್ಯಾನು ಟಣಟಣ ಎಂದಿತು. ಸೆಕ್ರೆಟರಿ ತಲೆ ತಗ್ಗಿಸಿಕೊಂಡೇ, "ಹಾಲು?" ಎಂದ. ಅವಳು ಬಾಯಿ ತೆರೆದಳು, ಮಾತು ಬರಲಿಲ್ಲ. ಕರ ಕುಡೀತು ಎನ್ನುವ ಹಾಗಿರಲಿಲ್ಲ, ಅವಳಿಗೆ ಕರುವೇ ಇರಲಿಲ್ಲ. ಸುಳ್ಳು ಹೇಳುವವಳಲ್ಲ. ಕೊನೆಗೆ, "ಹಸ ಕೊಡ್ನಿಲ್ಲ" ಎಂದಳು.

ಅವಳ ಹಿಂದಿದ್ದವಳು, ಒಂದು ದಿನವೂ ಯಾರೆದುರೂ ದನಿ ಎತ್ತದವಳು, ಮುಂದೆ ಬಂದು ಕ್ಯಾನು ಬೋರಲು ಹಾಕಿ, "ಕರ ಕುಡೀತು!" ಎಂದು ಕೂಗಿದಳು. ಅವಳ ಹಿಂದಿನವಳು ಕೂಗಿದಳು. ಸಾಲಿನ ಕೊನೆಯವರೆಗೂ ಕೂಗಿದರು. ಅಧ್ಯಕ್ಷರು ಕುರ್ಚಿಯಿಂದೆದ್ದು ಒಳಗೆ ಹೋದರು.

ಇತ್ತ ಹಟ್ಟಿಯಲ್ಲಿ ಹಸುವಿನ ಕೆಚ್ಚಲು ಕಲ್ಲಾಗಿತ್ತು. ಪಕ್ಕದ ಮನೆಯ ಹಸುವಿಗೆ ಹಾಲು ಬತ್ತಿ, ಅದರ ಬಡಕಲು ಕರು ಹಸಿದಿತ್ತು. ದೊಡ್ಡವ್ವ ಅದನ್ನು ತಂದು, ನೆಕ್ಕಲಿ ಎಂದು ಬೆನ್ನಿಗೆ ಉಪ್ಪುನೀರು ಹಚ್ಚಿ ಹಸುವಿನ ಮುಂದೆ ಬಿಟ್ಟಳು. ಹಸು ಒದೆಯಿತು. ಕರುವಿಗೆ ಬೀಳಬೇಕಾದ ಒದೆ ಇವಳ ಮೊಣಕಾಲಿಗೆ ಬಿತ್ತು. ಮತ್ತೆ ಹಚ್ಚಿದಳು, ಮತ್ತೆ ಒದೆ. ಕೋಲು ತರಲಾ ಎಂದು ನಾನು ಕೇಳಿದರೆ, "ಹೊಡುದ್ರೆ ನಿಂತ್ಕೊತದೆ ಕಣವ್ವ, ಹಾಲು ಬುಡಕ್ಕಿಲ್ಲ" ಎಂದಳು. ಕುಂಟುತ್ತ ಕುಂಟುತ್ತ ಅದೆಷ್ಟು ದಿನ ಅದೇ ಕೆಲಸ. ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಹಸು ಆ ಬಡಕಲು ಬೆನ್ನನ್ನು ನೆಕ್ಕುತ್ತಿತ್ತು, ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ದೊಡ್ಡವ್ವ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾಳೆ ಡೇರಿಯಲ್ಲಿ ಹೇಳಲು ಅವಳಿಗೆ ಮತ್ತೆ ಆ ಮಾತು ಸಿಕ್ಕಿತ್ತು.

ಹಾಲಿಲ್ಲದ ಡೇರಿಗೆ ಅಧ್ಯಕ್ಷ ಯಾಕೆ ಎಂದು ಹಾಲು ಒಕ್ಕೂಟದ ಮೇಲಿನವರು ಕೇಳತೊಡಗಿದರು. ಡೇರಿಯ ಕುರ್ಚಿ ಅಲುಗಾಡಿದರೆ ಉಳಿದ ಕುರ್ಚಿಗಳೂ ಅಲುಗಾಡುತ್ತವೆ. ಒಂದು ಮಧ್ಯಾಹ್ನ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಒಬ್ಬರೇ ಬರುತ್ತಾರೆಯೇ, ಫೋಟೋದವನನ್ನೂ ಕರೆತಂದಿದ್ದರು. ಬಾಗಿಲಲ್ಲಿ ಕ್ಯಾಮೆರಾ ಸರಿಯಾಗಿ ಹಿಡಿದಿದ್ದಾನೆಯೇ ಎಂದು ಒಮ್ಮೆ ತಿರುಗಿ ನೋಡಿ, ದಢಾರನೆ ದೊಡ್ಡವ್ವನ ಕಾಲಿಗೆ ಬಿದ್ದರು. "ತಾಯೀ, ನೀನೇ ದೇವ್ರು! ಊರು ಉಳುಸ್ಬುಡು!" ಆ ಕೈಗಳು ಅವಳ ಪಾದ ಹಿಡಿದದ್ದು ನೋಡಿ ನನ್ನ ಮೈಯೆಲ್ಲ ಕಂಬಳಿಹುಳು ಹರಿದ ಹಾಗಾಯಿತು. ಇನ್ನೇನು ಇವಳು ಕರಗುತ್ತಾಳೆ, ಫೋಟೋ ಬೀಳುತ್ತದೆ, ಎಲ್ಲ ಮುಗಿಯುತ್ತದೆ ಎಂದುಕೊಂಡೆ.

ದೊಡ್ಡವ್ವ ಹಿಂದಕ್ಕೆ ಸರಿದಳು.

"ಕಾಲ್ ಬುಡಪ್ಪ, ಕಲ್ ಕೀಳು."

ಫೋಟೋದವನು ಫಕ್ಕನೆ ನಕ್ಕುಬಿಟ್ಟ. ಬಾಗಿಲಲ್ಲಿ ನೆರೆದಿದ್ದ ಹೆಂಗಸರು ನಕ್ಕರು. ಶಾಮಿಯಾನದ ದಿನ ಸೆರಗಿನೊಳಗೆ ಸಿಕ್ಕಿಕೊಂಡಿದ್ದ ನಗುವೂ ಅವತ್ತೇ ಹೊರಗೆ ಬಂತು. ದೊಡ್ಡವ್ವ ಮಾತ್ರ ನಗಲಿಲ್ಲ. "ನಗ್ಬ್ಯಾಡಿ. ಅವ್ನೂ ಬರ್ಲಿ, ಜೊತೇಲಿ ಕೀಳವ" ಎಂದು ಮುಂದೆ ನಡೆದಳು. ಅಧ್ಯಕ್ಷರು ಪಂಚೆ ಎತ್ತಿಕಟ್ಟಿ ಮೊದಲ ಕಂಬಕ್ಕೆ ಕೈ ಹಾಕಿದರು. ಅದು ಅಲುಗಲಿಲ್ಲ. ಹೆಂಗಸರು ಕೈ ಕೊಟ್ಟರು. ಪೇದೆಗಳು ರಸ್ತೆಯ ಕಡೆ ತಿರುಗಿ ಕೂತರು. ಮೇಲಿನಿಂದ ತಡೆ ಬರಲಿಲ್ಲ, ಅಧ್ಯಕ್ಷರೇ ಬೇಡವೆಂದ ಮೇಲೆ ಕಂಟ್ರಾಕ್ಟರು ಬೇರೆ ಊರು ನೋಡಿಕೊಂಡ. ಕಂಬಗಳನ್ನು ವಾಪಸು ಸಾಗಿಸಿದ್ದು ಅದೇ ಟ್ರ್ಯಾಕ್ಟರು, ಅದೇ ವಾಲಗದ ಹಾರನ್ನು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಫ್ಲೆಕ್ಸು ಹೊಸದಾಗಿ ಬಂದಿದ್ದ ಕಾಲ. ಗೋಮಾಳದ ಬಾಯಲ್ಲೇ ಆಳೆತ್ತರದ ಫ್ಲೆಕ್ಸು ಎದ್ದಿತು. ಕೈ ಮುಗಿದು ನಗುವ ಅಧ್ಯಕ್ಷರು, ಕೆಳಗೆ 'ಗೋಮಾಳ ಉಳಿಸಿದ ಅಹಿಂಸಾಮೂರ್ತಿ'. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಂಬ ಕಿತ್ತ ಹೆಂಗಸರ ಗಂಡಂದಿರೇ ಅವರಿಗೆ ಪೇಟ ತೊಡಿಸಿ ಶಾಲು ಹೊದಿಸಿದರು. ಸ್ಕೂಲಿನ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಮೇಷ್ಟ್ರು ಬರೆದುಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸಿದಳು. "ನಮ್ಮೂರಿನ ಮಹಾನ್ ನಾಯಕರು ಅನ್ನಾಹಾರ ಬಿಟ್ಟು ಗೋಮಾಳ ಉಳಿಸಿದರು." ಅನ್ನಾಹಾರ! ನನ್ನ ಮೂಗಿಗೆ ಮತ್ತೆ ಆ ಚಟ್ನಿಯ ವಾಸನೆ ಬಡಿಯಿತು. ಪಕ್ಕದಲ್ಲಿ ದೊಡ್ಡವ್ವ ಮಗುವಿಗೆ ಚಪ್ಪಾಳೆ ತಟ್ಟುತ್ತಿದ್ದಳು.

ದಾರಿಯುದ್ದಕ್ಕೂ ಅವಳ ಮೇಲೆ ಹಾರಾಡಿದೆ. ಥೂ, ನಿನಗೆ ಅಸಹ್ಯ ಆಗುವುದಿಲ್ಲವಾ, ನಿನ್ನ ಕರು ಸತ್ತದ್ದು, ನಿನ್ನ ಮೊಣಕಾಲು ಹೋದದ್ದು, ಎಲ್ಲ ಅವನ ಹೆಸರಿಗೆ ಹೋಯಿತಲ್ಲ, ನಡಿ, ಆ ಫ್ಲೆಕ್ಸು ಹರಿದು ಬಿಸಾಕೋಣ ಎಂದೆ. ಗೋಮಾಳದ ಹತ್ತಿರ ಬಂದಿದ್ದೆವು. ಉಪ್ಪು ನೆಕ್ಕಿಸಿಕೊಂಡು ಬದುಕಿದ ಕರು ಈಗ ಕಡಸಾಗಿತ್ತು. ನಮ್ಮ ಹಸುವಿನ ಮಗ್ಗುಲಿಗೆ, ಫ್ಲೆಕ್ಸಿನ ನೆರಳಲ್ಲಿ ತಲೆ ತಗ್ಗಿಸಿ ಮೇಯುತ್ತಿತ್ತು.

ದೊಡ್ಡವ್ವ ಕುಂಟುತ್ತ ನಿಂತು, ಒಮ್ಮೆ ಫ್ಲೆಕ್ಸಿನ ಮುಖ ನೋಡಿದಳು, ಒಮ್ಮೆ ಹಸು ನೋಡಿದಳು.

"ಹೆಸ್ರು ಅವ್ನು ಮೇಯ್ಲಿ ಬುಡು ಮಗ. ಹುಲ್ಲು ಹಸ ಮೇಯ್ತಾ ಐತಲ್ಲ."